ಕ್ಯಾನ್ಸರ್ ಕೋಶ ನಡೆಯುವುದು ಹೇಗೆ?

ನಾಲಗೆಯ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಮಾಡಿ ತೆಗೆದ ತುಂಡು ಪೆಥಾಲಜಿ ವಿಭಾಗಕ್ಕೆ ಬಂದಾಗ ಗೆಡ್ಡೆಯ ಅಗಲದ ಜೊತೆಗೆ ಆಳವನ್ನೂ ಅಳೆಯುತ್ತಾರೆ. ಪಕ್ಕದ ಆರೋಗ್ಯವಂತ ಲೋಳೆಪೊರೆಯ ತಳಪೊರೆ, ಅಂದರೆ ಮೇಲ್ಪದರದ ಕೋಶಗಳು ಕೂತಿರುವ ತೆಳು ಹಾಸು, ಯಾವ ಮಟ್ಟದಲ್ಲಿದೆ ಎಂದು ನೋಡಿ ಅಲ್ಲೊಂದು ಗೆರೆ ಹಿಡಿಯುತ್ತಾರೆ. ಆ ಗೆರೆಯಿಂದ ಕ್ಯಾನ್ಸರ್ ಇಳಿದಿರುವ ಕಟ್ಟಕಡೆಯ ಜಾಗದವರೆಗೆ, ತೂಗುಗುಂಡು ಬಿಟ್ಟ ಹಾಗೆ ನೇರ ಅಳತೆ. ಗೆಡ್ಡೆ 2 ಸೆಂ.ಮೀ.ಗಿಂತ ಚಿಕ್ಕದಿದ್ದರೂ ಆಳ 5 ಮಿ.ಮೀ. ದಾಟಿದ್ದರೆ ಅದು ಟಿ1 ಅಲ್ಲ, ಟಿ2 (ಟಿ ಎಂದರೆ ಗೆಡ್ಡೆ ಎಷ್ಟು ಬೆಳೆದಿದೆ ಎಂದು ಹೇಳುವ ಹಂತ). ಗೆಡ್ಡೆ 2ರಿಂದ 4 ಸೆಂ.ಮೀ. ಇದ್ದು ಆಳ 10 ಮಿ.ಮೀ. ದಾಟಿದರೆ ಟಿ3. ಆಳ ಹೆಚ್ಚಿದಷ್ಟೂ ಕುತ್ತಿಗೆಯ ದುಗ್ಧಗ್ರಂಥಿಗಳಿಗೆ ರೋಗ ತಲುಪಿರುವ ಸಂಭವ ಹೆಚ್ಚು.

ಒಂದು ಕೋಶದ ಅಳತೆ ಸುಮಾರು 15 ಮೈಕ್ರೊಮೀಟರ್ ಎಂದಿಟ್ಟುಕೊಳ್ಳಿ. 5 ಮಿ.ಮೀ. ಎಂದರೆ ಅದರ ಮುನ್ನೂರಕ್ಕೂ ಹೆಚ್ಚು ಪಟ್ಟು ದೂರ. ಕೋಶಗಳು ಹೆಚ್ಚಿ ಒತ್ತಿದ್ದರಿಂದಷ್ಟೇ ಇದು ಆಗುವುದಿಲ್ಲ. ನಿರಪಾಯಕಾರಿ ಗೆಡ್ಡೆಗಳೂ ಬೆಳೆಯುತ್ತವೆ, ಸುತ್ತಲಿನದನ್ನು ಒತ್ತುತ್ತವೆ, ಆದರೆ ತಳಪೊರೆ ದಾಟಿ ಹೊರಡುವುದಿಲ್ಲ. ದಾಟಬೇಕಾದರೆ ಕೋಶ ನಡೆಯಬೇಕು. ಆ ನಡಿಗೆಯ ಸಲಕರಣೆಯೇ ಕೋಶಪಂಜರ, ಅಂದರೆ ಸೈಟೋಸ್ಕೆಲಿಟನ್. ಪಂಜರ ಎಂಬ ಹೆಸರು ಕೊಂಚ ದಾರಿ ತಪ್ಪಿಸುತ್ತದೆ, ಏಕೆಂದರೆ ಇದು ಎಲುಬಿನಂತೆ ನಿಂತದ್ದಲ್ಲ. ನಿಮಿಷ ನಿಮಿಷಕ್ಕೂ ಕಟ್ಟಿ ಬಿಚ್ಚುವಂಥದ್ದು.

ಇದರಲ್ಲಿ ಮೂರು ಬಗೆಯ ಎಳೆಗಳಿವೆ. 7 ನ್ಯಾನೊಮೀಟರ್ ದಪ್ಪದ ಆಕ್ಟಿನ್, ಸುಮಾರು 10 ನ್ಯಾನೊಮೀಟರಿನ ಮಧ್ಯಮ ತಂತುಗಳು, 25 ನ್ಯಾನೊಮೀಟರಿನ ಟೊಳ್ಳು ಕೊಳವೆಗಳಾದ ಮೈಕ್ರೊಟ್ಯೂಬ್ಯೂಲ್‌ಗಳು.

ಮೊದಲ ಹೆಜ್ಜೆ ಕೈ ಬಿಡುವುದು. ಬಾಯಿಯ ಒಳಪದರದ ಕೋಶಗಳು ಇ-ಕ್ಯಾಡ್‌ಹೆರಿನ್ ಎಂಬ ಪ್ರೊಟೀನಿನಿಂದ ಒಂದನ್ನೊಂದು ಹಿಡಿದಿರುತ್ತವೆ. ಆ ಹಿಡಿತದ ಒಳತುದಿ ಆಕ್ಟಿನ್‌ಗೆ ಕಟ್ಟಿರುತ್ತದೆ. ಕ್ಯಾನ್ಸರ್‌ನಲ್ಲಿ ಇ-ಕ್ಯಾಡ್‌ಹೆರಿನ್ ಕಡಿಮೆಯಾಗುತ್ತದೆ. ಮಧ್ಯಮ ತಂತುಗಳಲ್ಲಿ ಕೆರಾಟಿನ್ ತಗ್ಗಿ, ಓಡಾಡುವ ಕೋಶಗಳಲ್ಲಿ ಇರುವ ವಿಮೆಂಟಿನ್ ಕಾಣಿಸಿಕೊಳ್ಳುತ್ತದೆ. ಈ ಬದಲಾವಣೆ ಪೂರ್ತಿ ಆಗಲೇಬೇಕೆಂದಿಲ್ಲ. ಬಾಯಿಯ ಕ್ಯಾನ್ಸರ್‌ನಲ್ಲಿ ಕೋಶಗಳು ಹಲವು ಬಾರಿ ಕೈ ಕೈ ಹಿಡಿದೇ, ಸಾಲಾಗಿ ಗುಂಪಾಗಿ ಇಳಿಯುತ್ತವೆ. ಮುಂದಿನ ಕೆಲವು ಕೋಶಗಳು ದಾರಿ ಮಾಡುತ್ತವೆ.

ದಾರಿ ಮಾಡುವ ಕೆಲಸ ಆಕ್ಟಿನ್‌ದು. ಕೋಶದ ಮುಂಭಾಗದಲ್ಲಿ ಆಕ್ಟಿನ್ ಕಣಗಳು ಎಳೆಯ ತುದಿಗೆ ಒಂದೊಂದಾಗಿ ಸೇರುತ್ತವೆ. ಒಂದು ಕಣ ಸೇರಿದರೆ ಎಳೆ ಸುಮಾರು 2.7 ನ್ಯಾನೊಮೀಟರ್ ಉದ್ದವಾಗುತ್ತದೆ. ಎಆರ್‌ಪಿ2/3 ಎಂಬ ಪ್ರೊಟೀನ್ ಕೂಟ ಹಳೆಯ ಎಳೆಯ ಪಕ್ಕದಿಂದ ಸುಮಾರು 70 ಡಿಗ್ರಿ ಕೋನದಲ್ಲಿ ಹೊಸ ಕವಲು ಒಡೆಸುತ್ತದೆ. ಕವಲು ಕವಲಾದ ಈ ಬಲೆ, ಗುಡಾರದ ಬಟ್ಟೆಯನ್ನು ಒಳಗಿನಿಂದ ಗಳಗಳು ನೂಕಿದಂತೆ, ಕೋಶಪೊರೆಯನ್ನು ಮುಂದೆ ತಳ್ಳುತ್ತದೆ. ಹಿಂದುಗಡೆ ಕೊಫಿಲಿನ್ ಎಂಬ ಪ್ರೊಟೀನ್ ಹಳೆಯ ಎಳೆಗಳನ್ನು ತುಂಡರಿಸುತ್ತದೆ, ಬಿಡಿಯಾದ ಕಣಗಳು ಮತ್ತೆ ಮುಂದಕ್ಕೆ ಹೋಗಿ ಸೇರುತ್ತವೆ. ಹಿಂದಿನ ಗೋಡೆಯ ಇಟ್ಟಿಗೆ ಕಿತ್ತು ಮುಂದಿನ ಗೋಡೆ ಕಟ್ಟುವ ಲೆಕ್ಕ.

ತಳಪೊರೆ ಎದುರಾದಾಗ ಇದೇ ಆಕ್ಟಿನ್ ಇನ್ನೊಂದು ರೂಪ ತಾಳುತ್ತದೆ: ಇನ್ವೇಡೊಪೋಡಿಯಾ ಎಂಬ ಮೊನೆಗಳು. ಒಂದು ಮೈಕ್ರೊಮೀಟರಿಗಿಂತ ಸಪೂರವಾದ ಈ ಮೊನೆಯ ನಡುವೆ ಆಕ್ಟಿನ್ ದಿಂಡು, ಅದಕ್ಕೆ ಆಸರೆಯಾಗಿ ಕಾರ್ಟಾಕ್ಟಿನ್, ಟಿಕೆಎಸ್5 ಎಂಬ ಪ್ರೊಟೀನ್‌ಗಳು. ಎಂಟಿ1-ಎಂಎಂಪಿ ಎಂಬ ಕಿಣ್ವ ಪುಟ್ಟ ಚೀಲಗಳಲ್ಲಿ ಮೈಕ್ರೊಟ್ಯೂಬ್ಯೂಲ್ ಹಳಿಯ ಮೇಲೆ ಬಂದು ಮೊನೆಯಲ್ಲಿ ಇಳಿಯುತ್ತದೆ, ಕೋಶಗಳ ಸುತ್ತಲಿನ ನಾರಿನಂಥ ಪ್ರೊಟೀನ್ ಆದ ಕೊಲಾಜೆನ್ ಕತ್ತರಿಸುತ್ತದೆ. ನೂಕುವುದೂ ಕತ್ತರಿಸುವುದೂ ಒಂದೇ ಜಾಗದಲ್ಲಿ ನಡೆಯುವುದರಿಂದಲೇ ಅದು ಅಷ್ಟು ಪರಿಣಾಮಕಾರಿ.

ಹಾಗಾದರೆ ಕಿಣ್ವವನ್ನು ತಡೆದರಾಯಿತಲ್ಲ? 1990ರ ದಶಕದಲ್ಲಿ ಮರಿಮಾಸ್ಟಾಟ್‌ನಂಥ ಔಷಧಗಳನ್ನು ಇದೇ ಆಸೆಯಿಂದ ರೋಗಿಗಳಲ್ಲಿ ಪರೀಕ್ಷಿಸಿದರು. ಕೀಲು, ಸ್ನಾಯುಗಳ ನೋವು ಬಂತು, ನಿರೀಕ್ಷಿಸಿದ ಫಲ ಸಿಗಲಿಲ್ಲ. ರೋಗ ಆಗಲೇ ಹರಡಿದ್ದವರಿಗೆ ಕೊಟ್ಟದ್ದು ಒಂದು ಕಾರಣ. ಇನ್ನೊಂದು ಕಾರಣದ ಸುಳಿವು 2003ರಲ್ಲಿ ವಿಜ್ಞಾನಿ ಪೀಟರ್ ಫ್ರೀಡ್ಲ್ ಅವರ ತಂಡದ ಪ್ರಯೋಗದಲ್ಲಿ ಸಿಕ್ಕಿತು. ಕಿಣ್ವಗಳನ್ನು ತಡೆದಾಗ ಕ್ಯಾನ್ಸರ್ ಕೋಶ ನಿಲ್ಲಲಿಲ್ಲ. ದುಂಡಗಾಗಿ, ಅಮೀಬಾದಂತೆ ಮೈ ಹಿಂಡಿಕೊಂಡು, ಕೊಲಾಜೆನ್ ನಾರುಗಳ ಸಂದಿಯಲ್ಲೇ ನುಸುಳಿತು. ಇಂಥ ನಡಿಗೆಗೆ ಬೇಕಾದ ಹಿಂಡುವ ಬಲ ಬರುವುದು ಪೊರೆಯ ಕೆಳಗಿನ ಆಕ್ಟಿನ್ ಮತ್ತು ಅದನ್ನು ಜಗ್ಗುವ ಮಯೋಸಿನ್ ಎಂಬ ಪ್ರೊಟೀನಿನಿಂದ. ಅದನ್ನು ಬಿಗಿಗೊಳಿಸುವವು ರೋ ಮತ್ತು ರಾಕ್ ಪ್ರೊಟೀನ್‌ಗಳು.

ನುಸುಳುವುದಕ್ಕೂ ಒಂದು ಮಿತಿ ಇದೆ. ಕೋಶದ ಉಳಿದ ಭಾಗವೆಲ್ಲ ಬಗ್ಗುತ್ತದೆ, ಗಟ್ಟಿಯಾದ ಕೋಶಕೇಂದ್ರ ಅಷ್ಟು ಸುಲಭಕ್ಕೆ ಬಗ್ಗದು. ಕತ್ತರಿಸುವ ಕಿಣ್ವವಿಲ್ಲದಿದ್ದಾಗ, ಕೋಶಕೇಂದ್ರದ ಅಡ್ಡಕೊಯ್ತದ ಹತ್ತನೇ ಒಂದರಷ್ಟಕ್ಕೆ ಸಂದಿ ಕಿರಿದಾದರೆ ಕೋಶ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ಅದೇ ತಂಡ 2013ರಲ್ಲಿ ತೋರಿಸಿತು. ಇಕ್ಕಟ್ಟಿನಲ್ಲಿ ತೂರುವಾಗ ಕೇಂದ್ರದ ಪೊರೆ ಹರಿಯುವುದೂ ಉಂಟು. ಆಗ ಡಿಎನ್‌ಎಗೆ ಪೆಟ್ಟಾಗುತ್ತದೆ. ಪೊರೆ ಮತ್ತೆ ಕೂಡಿಕೊಳ್ಳುತ್ತದೆ, ಕೋಶ ಹೊಸ ದೋಷಗಳನ್ನು ಹೊತ್ತು ಮುಂದೆ ಹೋಗಬಹುದು. ಇದು ನನಗೆ ಇಡೀ ಕಥೆಯಲ್ಲೇ ಹೆಚ್ಚು ಕಳವಳದ ಸಂಗತಿ: ಪಯಣವೇ ಕ್ಯಾನ್ಸರನ್ನು ಇನ್ನಷ್ಟು ಕೆಡಿಸಬಲ್ಲದು.

ಆಕ್ಟಿನ್ ಅನ್ನೇ ತಡೆಯುವ ರಾಸಾಯನಿಕಗಳೂ ಇವೆ. ಸೈಟೊಕಲಾಸಿನ್ ಹಾಕಿದರೆ ತಟ್ಟೆಯಲ್ಲಿನ ಕೋಶ ಥಟ್ಟನೆ ನಿಲ್ಲುತ್ತದೆ. ಆದರೆ ಹೃದಯದ ಬಡಿತಕ್ಕೂ ಆಕ್ಟಿನ್ ಬೇಕು, ಬಿಳಿ ರಕ್ತಕಣ ಸೋಂಕಿನತ್ತ ಓಡುವುದಕ್ಕೂ ಬೇಕು. ಹಾಗಾಗಿ ಅದು ಪ್ರಯೋಗಾಲಯ ಬಿಟ್ಟು ಬರಲಿಲ್ಲ. ಕ್ಯಾನ್ಸರ್ ಬಳಸುವುದು ನಮ್ಮದೇ ಸಲಕರಣೆಗಳನ್ನು. ಗಾಯ ಮಾಯುವಾಗ ಚರ್ಮದ ಕೋಶ ಸರಿಯುವುದೂ ಇದೇ ಆಕ್ಟಿನ್‌ನಿಂದ.

ಆಸ್ಪತ್ರೆ ತಲುಪಿದ್ದು ಮೈಕ್ರೊಟ್ಯೂಬ್ಯೂಲ್ ಔಷಧಗಳು. ಮನೆಯಂಗಳದ ನಿತ್ಯಪುಷ್ಪದಿಂದ ಬಂದ ವಿನ್‌ಕ್ರಿಸ್ಟಿನ್ ಕೊಳವೆ ಕಟ್ಟಲು ಬಿಡುವುದಿಲ್ಲ. ಯೂ ಮರದಿಂದ ಬಂದ ಪ್ಯಾಕ್ಲಿಟಾಕ್ಸೆಲ್ ಕಟ್ಟಿದ ಕೊಳವೆಯನ್ನು ಬಿಚ್ಚಲು ಬಿಡುವುದಿಲ್ಲ. ವಿಜ್ಞಾನಿ ಸೂಸನ್ ಹಾರ್ವಿಟ್ಜ್ ಅವರ ಪ್ರಯೋಗಾಲಯ 1979ರಲ್ಲಿ ಕಂಡುಕೊಂಡದ್ದು ಇದನ್ನು. ಎರಡರಿಂದಲೂ ಕೋಶ ವಿಭಜನೆ ಕೆಡುತ್ತದೆ. ನರಗಳಿಗೂ ಪೆಟ್ಟು ಬೀಳುತ್ತದೆ, ಏಕೆಂದರೆ ಬೆನ್ನಿನಿಂದ ಪಾದದವರೆಗಿನ ಉದ್ದನೆಯ ನರತಂತುವಿನಲ್ಲಿ ಸರಕು ಸಾಗುವುದು ಈ ಕೊಳವೆಗಳ ಮೇಲೆಯೇ. ಅದಕ್ಕೇ ಮೊದಲು ಕಾಲ್ಬೆರಳು, ಕೈಬೆರಳ ತುದಿ ಜುಮುಜುಮು ಎನ್ನುವುದು. ಅಂಗಿಯ ಗುಂಡಿ ಹಾಕಲು ಕಷ್ಟವಾದರೆ, ಚಪ್ಪಲಿ ಕಾಲಿನಿಂದ ಜಾರಿದ್ದು ತಿಳಿಯದಿದ್ದರೆ ಮುಂದಿನ ಡೋಸ್‌ಗೆ ಮೊದಲೇ ಡಾಕ್ಟರಿಗೆ ಹೇಳಬೇಕು. ಪ್ರಮಾಣ ತಗ್ಗಿಸಲು, ಔಷಧ ಬದಲಿಸಲು ಆಗ ಅವಕಾಶವಿರುತ್ತದೆ.