ಕಿವಿ ಮುಚ್ಚಿಕೊಂಡು ಹಾಡುವವರ ಕಥೆಯಲ್ಲಿ ಒಬ್ಬ ಅಮೆರಿಕದ ವ್ಯಾಪಾರಿ

ಬಾಗಲಕೋಟೆ, ವಿಜಯಪುರ ಕಡೆಯ ಜಾತ್ರೆಗಳಲ್ಲಿ ಡೊಳ್ಳಿನ ಪದ ಕೇಳಿದವರು ಇದನ್ನು ನೋಡಿಯೇ ಇರುತ್ತೀರಿ. ಹಾಡುವವನು ಒಂದು ಕೈಯನ್ನು ಕಿವಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ ದನಿ ಏರಿಸುತ್ತಾನೆ. ಸುತ್ತ ಡೊಳ್ಳು, ತಾಳ, ಮಂದಿಯ ಗದ್ದಲ. ಚಿಕ್ಕವನಿದ್ದಾಗ ನಾನು ಅದನ್ನು ಗತ್ತು ಅಂದುಕೊಂಡಿದ್ದೆ. ಅದು ಲೆಕ್ಕಾಚಾರ. ಕಿವಿ ಮುಚ್ಚಿದರೆ ಹೊರಗಿನ ಡೊಳ್ಳು ತಗ್ಗುತ್ತದೆ, ತನ್ನ ದನಿ ತಲೆಯ ಎಲುಬಿನ ಮೂಲಕ ಒಳಗೇ ದೊಡ್ಡದಾಗಿ ಕೇಳುತ್ತದೆ. ಸುರ ತಪ್ಪಿದರೆ ತಕ್ಷಣ ಗೊತ್ತಾಗುತ್ತದೆ.

ಈ ಅಂಗೈಯ ಕೆಲಸವನ್ನೇ ಕಿವಿಯೊಳಗೆ ಕೂರುವ ಒಂದು ಪುಟ್ಟ ಸಾಧನಕ್ಕೆ ವಹಿಸಿ ಅದನ್ನು ದೊಡ್ಡ ಉದ್ಯಮ ಮಾಡಿದವರಲ್ಲಿ ಜೆರ್ರಿ ಹಾರ್ವಿ ಹೆಸರು ಮುಂಚೂಣಿಯಲ್ಲಿದೆ. ಈಗ ನಮ್ಮ ಕಡೆಯ ಆರ್ಕೆಸ್ಟ್ರಾದ ಹುಡುಗರು ಕಿವಿಯ ಹಿಂದಿನಿಂದ ವೈರ್ ಇಳಿಬಿಟ್ಟು ಹಾಡುವುದನ್ನು ನೋಡುತ್ತೇವಲ್ಲ, ಆ 'ಇನ್‌ ಇಯರ್' ಹಿಂದೆ ಆತನ ನಡೆಯೂ ಇದೆ, ಎಡವಟ್ಟೂ ಇದೆ.

ಮೊದಲು ಈ ಸಾಧನ ಯಾಕೆ ಬೇಕಾಯಿತು ಎಂದು ನೋಡೋಣ. ಮೈಕ್ ಇಲ್ಲದ ಕಾಲದ ಕಂಪನಿ ನಾಟಕಗಳಲ್ಲಿ ನಟನ ಹತ್ತಿರವೇ ಕಾಲುಪೆಟ್ಟಿಗೆ, ತಬಲಾ ಇರುತ್ತಿದ್ದವು. ಕೊನೆಯ ಸಾಲಿಗೆ ದನಿ ಮುಟ್ಟಿಸಲು ಎದೆಯಿಂದ ಹಾಡಬೇಕಿತ್ತು. ತನ್ನ ದನಿ ತನಗೆ ಕೇಳುವುದೇನೂ ಕಷ್ಟವಿರಲಿಲ್ಲ. ಲೌಡ್‌ಸ್ಪೀಕರ್ ಬಂದ ಮೇಲೆ ಊರಿಗೆಲ್ಲ ಹಾಡು ಕೇಳಿಸಿತು, ಹಾಡುವವನಿಗೆ ಮಾತ್ರ ಕೇಳಿಸದಂತಾಯಿತು. ಸ್ಪೀಕರುಗಳ ಬಾಯಿ ಮಂದಿಯ ಕಡೆಗೆ, ಹಾಡುವವನು ಅವುಗಳ ಬೆನ್ನಿಗೆ. ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ಅಕ್ಕಪಕ್ಕದಲ್ಲೇ ಟೆಂಟು ಹಾಕುತ್ತವೆ. ಒಬ್ಬರ ಹಾಡಿನೊಳಗೆ ಇನ್ನೊಬ್ಬರ ಡೈಲಾಗು ನುಗ್ಗುವ ಆ ಗದ್ದಲದಲ್ಲಿ ರಂಗದ ಮೇಲಿರುವವರ ಪಾಡು ಊಹಿಸಿಕೊಳ್ಳಿ.

ಅದಕ್ಕೆ ಕಂಡುಕೊಂಡ ಉಪಾಯ ಹಾಡುವವನ ಕಾಲ ಬುಡದಲ್ಲಿ ಓರೆಯಾಗಿ ಇಡುವ ಸ್ಪೀಕರ್, ಅಂದರೆ ಸ್ಟೇಜ್ ಮಾನಿಟರ್. ಅದರ ತೊಂದರೆ ಅದರೊಳಗೇ ಇದೆ. ಮಾನಿಟರ್‌ನಿಂದ ಹೊರಟ ದನಿ ಮತ್ತೆ ಮೈಕಿಗೆ ಹೋಗುತ್ತದೆ, ಮೈಕಿನಿಂದ ಮತ್ತೆ ಮಾನಿಟರಿಗೆ. ಸುತ್ತು ಬಿದ್ದು 'ಕುಂಯ್' ಎಂದು ಕಿರುಚುತ್ತದೆ. "ಏ ತಮ್ಮಾ, ನನಗ ನನ್ನ ದನೀನ ಕೇಳಸವಲ್ದು, ಮಾನಿಟರ್ ಏರಸೋ" ಎಂದು ಹಾಡುವವನು ಕೂಗುತ್ತಾನೆ. ಮಿಕ್ಸರ್ ಮುಂದೆ ಕೂತವನು ಏರಿಸಿದರೆ ಕುಂಯ್, ಇಳಿಸಿದರೆ ಬೈಗುಳ. ಕೀಬೋರ್ಡಿನವನು ತನ್ನದನ್ನು ಏರಿಸಿಕೊಳ್ಳುತ್ತಾನೆ, ಪ್ಯಾಡ್ ಬಾರಿಸುವವನು ಅದರ ಮೇಲೆ. ಗಣಪತಿ ವಿಸರ್ಜನೆಯ ಡಿಜೆ ಸದ್ದಿನ ಬಗ್ಗೆ ಬೆಳಗಾವಿಯಲ್ಲಿ ಎಷ್ಟು ವಾದ ಮಾಡಿದ್ದೇವೋ, ವೇದಿಕೆ ಮೇಲೆ ನಿಂತವನ ಕಿವಿಯ ಬಗ್ಗೆ ಅದರ ಕಾಲು ಪಾಲೂ ಮಾತಾಡಿಲ್ಲ.

ಅಮೆರಿಕದ ರಾಕ್ ವೇದಿಕೆಯಲ್ಲೂ ಇದೇ ಜಗಳ, ಸದ್ದು ಮಾತ್ರ ಇನ್ನೂ ಜಾಸ್ತಿ. ಜೆರ್ರಿ ಹಾರ್ವಿ ವ್ಯಾನ್ ಹೇಲನ್ ತಂಡದ ಮಾನಿಟರ್ ಎಂಜಿನಿಯರ್. ಅಂದರೆ ನಮ್ಮ ಮಿಕ್ಸರ್ ಹುಡುಗನ ಹಾಗೆ ಬೈಗುಳ ತಿನ್ನುವ ಕುರ್ಚಿಯಲ್ಲೇ ಕೂತವನು. ತಂಡದ ಡ್ರಮ್ಮರ್ ಅಲೆಕ್ಸ್ ವ್ಯಾನ್ ಹೇಲನ್‌ಗೆ ಆಗ ಸಿಗುತ್ತಿದ್ದ ಇನ್‌ ಇಯರ್‌ಗಳು ಹಿಡಿಸಲಿಲ್ಲ. ಹಾರ್ವಿ ತಾನೇ ಒಂದು ಜೋಡಿ ಮಾಡಲು ಕೂತ. 1995ರಲ್ಲಿ ಅದೇ ಅಲ್ಟಿಮೇಟ್ ಇಯರ್ಸ್ ಎಂಬ ಕಂಪನಿಯಾಯಿತು.

ಇನ್‌ ಇಯರ್ ಕಂಡುಹಿಡಿದವನು ಹಾರ್ವಿ ಎಂದು ಹೇಳುವವರಿದ್ದಾರೆ. ಅದು ಸರಿಯಲ್ಲ. ಆತನಿಗಿಂತ ಮೊದಲೇ ಫ್ಯೂಚರ್ ಸಾನಿಕ್ಸ್‌ನ ಮಾರ್ಟಿ ಗಾರ್ಸಿಯಾ, ಇಂಗ್ಲೆಂಡಿನ ಗಾರ್‌ವುಡ್ ಕಂಪನಿ ಈ ದಾರಿಯಲ್ಲಿ ನಡೆದಿದ್ದರು. ಎಟಿಮೋಟಿಕ್ ಕಂಪನಿಯ ಇಆರ್-4 ಇಯರ್‌ಫೋನ್ 1991ರಲ್ಲೇ ಬಂದಿತ್ತು. ಇನ್ನೂ ಹಿಂದಕ್ಕೆ ಹೋದರೆ ಈ ಉದ್ಯಮದ ಬೇರು ಸಿಗುವುದು ಕಿವಿ ಕೇಳದವರ ಶ್ರವಣಯಂತ್ರದಲ್ಲಿ. 1946ರಲ್ಲಿ ಶುರುವಾದ ನೋಲ್ಸ್ ಕಂಪನಿ ಶ್ರವಣಯಂತ್ರಕ್ಕಾಗಿ ಅಕ್ಕಿಕಾಳಿಗಿಂತ ತುಸುವೇ ದೊಡ್ಡದಾದ ಸ್ಪೀಕರುಗಳನ್ನು ಮಾಡುತ್ತ ಬಂದಿತ್ತು. ಅವಕ್ಕೆ ಬ್ಯಾಲೆನ್ಸ್ಡ್ ಆರ್ಮೇಚರ್ ಎನ್ನುತ್ತಾರೆ. ಎರಡು ಅಯಸ್ಕಾಂತಗಳ ನಡುವೆ ಒಂದು ಸಣ್ಣ ಲೋಹದ ನಾಲಗೆ; ಸುತ್ತಿದ ತಂತಿಯಲ್ಲಿ ವಿದ್ಯುತ್ ಹರಿದಂತೆ ಅದು ಅಲುಗಿ ತೆಳುವಾದ ಪೊರೆಯನ್ನು ನಡುಗಿಸುತ್ತದೆ. ಮಾತು ಕೇಳಲು ಅಷ್ಟು ಸಾಕು. ಡ್ರಮ್ಮಿನ ಗುಡುಗೂ ತಾಳದ ಕಿಣಿಕಿಣಿಯೂ ಒಂದೇ ಕಾಳಿನಿಂದ ಬರಬೇಕೆಂದರೆ ಕಷ್ಟ.

ಹಾರ್ವಿಯ ಜಾಣತನ ಇಲ್ಲಿದೆ. ದೊಡ್ಡ ಸೌಂಡ್ ಸಿಸ್ಟಂನಲ್ಲಿ ಬೇಸ್‌ಗೆ ಬೇರೆ ಬಾಕ್ಸು, ಟ್ರೆಬಲ್‌ಗೆ ಬೇರೆ ಬಾಕ್ಸು ಇಟ್ಟು ನಡುವೆ ದಪ್ಪ ದನಿ, ತೆಳು ದನಿ ಬೇರ್ಪಡಿಸಿ ಆಯಾ ಬಾಕ್ಸಿಗೆ ಕಳಿಸುವ ಕ್ರಾಸ್‌ಓವರ್ ಹಾಕುವುದು ಆತನಿಗೆ ದಿನನಿತ್ಯದ ಕೆಲಸ. ಅದನ್ನೇ ಕಿವಿಯೊಳಗೆ ತಂದ: ಎರಡು ಕಾಳು, ನಡುವೆ ಪುಟ್ಟ ಕ್ರಾಸ್‌ಓವರ್, ಮೇಲೆ ಹಾಕಿಕೊಳ್ಳುವವನ ಕಿವಿಯ ಅಚ್ಚಿಗೇ ಮಾಡಿದ ಕವಚ. ಕಿವಿಯಚ್ಚಿನ ವಿದ್ಯೆ ಆತನದಲ್ಲ. ಶುರುವಿನ ವರ್ಷಗಳಲ್ಲಿ ತಯಾರಿಕೆಗೆ ನೆರವಾದದ್ದು ವೆಸ್ಟೋನ್, 1959ರಿಂದ ಶ್ರವಣಯಂತ್ರಕ್ಕೆ ಅಚ್ಚು ಮಾಡುತ್ತಿದ್ದ ಕಂಪನಿ. ಹಾರ್ವಿ ತಂದದ್ದು ವೇದಿಕೆಯ ಅನುಭವ ಮತ್ತು ಗಿರಾಕಿಗಳ ಪರಿಚಯ. ಬಿಡಿ, ವ್ಯಾಪಾರದಲ್ಲಿ ಎರಡನೆಯದೇ ದೊಡ್ಡ ಬಂಡವಾಳ.

ಆಮೇಲೆ 2001ರಲ್ಲಿ ಐಪಾಡ್ ಬಂತು. ಕಿಸೆಯಲ್ಲಿ ಸಾವಿರ ಹಾಡು ಇಟ್ಟುಕೊಂಡವರಿಗೆ ಅದರ ಜತೆ ಬರುವ ಬಿಳಿ ಇಯರ್‌ಫೋನ್ ಸಾಲಲಿಲ್ಲ. ವೇದಿಕೆಗೆಂದು ಹುಟ್ಟಿದ ಸಾಮಾನು ಅಂಗಡಿಗೆ ಇಳಿಯಿತು. ಅಲ್ಟಿಮೇಟ್ ಇಯರ್ಸ್ ಎಲ್ಲರ ಕಿವಿಗೂ ಕೂರುವ, ಅಚ್ಚು ಬೇಡದ ಮಾದರಿಗಳನ್ನೂ ಮಾರತೊಡಗಿತು. 2008ರಲ್ಲಿ ಲಾಜಿಟೆಕ್ ಆ ಕಂಪನಿಯನ್ನು 3.4 ಕೋಟಿ ಡಾಲರ್‌ಗೆ ಕೊಂಡಿತು. ಕೀಬೋರ್ಡು, ಮೌಸು ಮಾಡುವ ಕಂಪನಿ! ಕೆಲವು ವರ್ಷಗಳಲ್ಲಿ ಆ ಹೆಸರು ಬ್ಲೂಟೂತ್ ಸ್ಪೀಕರುಗಳ ಮೇಲೆ ಬಂತು. 2013ರ ಯುಇ ಬೂಮ್ ಚೆನ್ನಾಗಿ ಓಡಿತು. ಪರರ ಸದ್ದಿನಿಂದ ಕಿವಿ ಕಾಯಲು ಹುಟ್ಟಿದ ಹೆಸರು ಈಗ ಮಂದಿ ಟೆರೇಸಿನ ಮೇಲೆ ಹಾಡು ಹಚ್ಚುವ ಡಬ್ಬಿಯ ಮೇಲಿದೆ. ಅಚ್ಚಿನ ಇನ್‌ ಇಯರ್‌ಗಳನ್ನೂ ಅದು ಇನ್ನೊಂದು ಕವಲಾಗಿ ಮಾಡುತ್ತಲೇ ಇದೆ ಎನ್ನುವುದನ್ನೂ ಹೇಳಬೇಕು.

ಹಾರ್ವಿ ಅಷ್ಟರಲ್ಲಿ ಹೊರಬಂದಿದ್ದ. 2007ರಲ್ಲಿ ಫ್ಲಾರಿಡಾದ ಒರ್ಲಾಂಡೊದಲ್ಲಿ ಜೆಎಚ್ ಆಡಿಯೊ ಎಂದು ತನ್ನ ಹೆಸರಿನ ಮೊದಲ ಅಕ್ಷರಗಳನ್ನೇ ಹಲಗೆಗೆ ಬರೆಸಿದ. ಒಮ್ಮೆ ಕಟ್ಟಿದ ಹೆಸರು ಕೈಬಿಟ್ಟವನು ಮುಂದಿನ ಸಲ ಬೇರೆ ಹೆಸರು ಯಾಕೆ ಹುಡುಕಿಯಾನು. ಅಲ್ಲಿಂದ ಕಾಳುಗಳ ಪೈಪೋಟಿ: ಒಂದು ಕಿವಿಗೆ ಆರು, ಎಂಟು, ರಾಕ್ಸಾನ್ ಎಂಬ ಮಾದರಿಯಲ್ಲಿ ಹನ್ನೆರಡು. ಕಾಳು ಜಾಸ್ತಿಯಾದಷ್ಟೂ ಒಂದೊಂದರ ದನಿ ಒಂದೊಂದು ಹೊತ್ತಿಗೆ ಕಿವಿಗೆ ಮುಟ್ಟುವ ಅಪಾಯ. ಎಲ್ಲದರ ದನಿಯೂ ಮಿಲಿಸೆಕೆಂಡಿನ ನೂರನೇ ಒಂದು ಪಾಲಿನೊಳಗೆ ಕೂಡಿ ಬರುವಂತೆ ಕೊಳವೆಗಳ ಉದ್ದ ಹೊಂದಿಸಿದ್ದೇವೆ ಎಂದು ಕಂಪನಿ ಹೇಳಿಕೊಂಡಿತು. ಆ ತಂತ್ರಕ್ಕೆ ಫ್ರೀಕ್‌ಫೇಸ್ ಎಂದು ಹೆಸರಿಟ್ಟಿತು. ಮ್ಯೂಸಿಕ್ ಪ್ಲೇಯರ್ ಮಾಡುವ ಕೊರಿಯಾದ ಆಸ್ಟೆಲ್ ಆ್ಯಂಡ್ ಕೆರ್ನ್ ಜತೆ ಸೇರಿ ಹಾಡು ಕೇಳುವ ಶ್ರೀಮಂತರಿಗೂ ಮಾರಿತು. ಹನ್ನೆರಡು ಕಾಳಿದ್ದರೆ ಎರಡಕ್ಕಿಂತ ಆರು ಪಟ್ಟು ಚಂದ ಕೇಳುತ್ತದೆ ಎಂದು ನಂಬಲು ನನಗೆ ಇನ್ನೂ ಕಾರಣ ಸಿಕ್ಕಿಲ್ಲ.

ಸಾವಿರ ಡಾಲರ್ ದಾಟುವ ಆ ಸಾಮಾನು ನಮ್ಮ ಆರ್ಕೆಸ್ಟ್ರಾದವರಿಗೆ ಎಟುಕುವುದಿಲ್ಲ. ಎಟುಕಿದ್ದು ಚೀನಾದ ಕೆಜೆಡ್, ಮೂನ್‌ಡ್ರಾಪ್‌ನಂಥವು. ಸಾವಿರ-ಎರಡು ಸಾವಿರ ರೂಪಾಯಿಗೆ ಆನ್‌ಲೈನಿನಲ್ಲಿ ಬರುತ್ತವೆ. ದನಿ ಏರಿಸಿ ಕಿವಿಗೆ ಕೊಡುವ, ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಬೆಹ್ರಿಂಗರ್‌ನ ಪುಟ್ಟ ಪೆಟ್ಟಿಗೆಗೆ ಮಿಕ್ಸರಿನಿಂದ ಒಂದು ವೈರ್ ಎಳೆದರೆ ಕೆಲಸ ಮುಗಿಯಿತು. ಕಾಲ ಬುಡದ ಮಾನಿಟರ್ ಇಲ್ಲ, ಕುಂಯ್ ಇಲ್ಲ, ಟೆಂಪೋದಲ್ಲಿ ಎರಡು ಬಾಕ್ಸು ಕಡಿಮೆ.

ಇದರಿಂದ ಕಿವಿ ಉಳಿಯಿತು ಅಂದುಕೊಳ್ಳುವುದು ಅವಸರದ ಮಾತು. ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ನಿಯೋಶ್ ಹಾಕಿಕೊಟ್ಟ ಲೆಕ್ಕದಲ್ಲಿ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. 3 ಡೆಸಿಬಲ್ ಏರಿದಾಗಲೆಲ್ಲ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬಲ್‌ಗೆ ಬಂದರೆ ಉಳಿಯುವುದು 15 ನಿಮಿಷ. ಕಿವಿಗೆ ಬಿಗಿಯಾಗಿ ಕೂತರೆ ಹೊರಗಿನ ಸದ್ದು ತಗ್ಗಿ, ಒಳಗಿನದನ್ನು ಕಡಿಮೆ ಇಟ್ಟುಕೊಳ್ಳಲು ಬರುತ್ತದೆ. ಸಡಿಲ ರಬ್ಬರು ಹಾಕಿಕೊಂಡವನು ಡೊಳ್ಳಿನ ಮೇಲೆ ವಾಲ್ಯೂಮ್ ಏರಿಸುತ್ತಾನೆ. ಇನ್ನು ಮಂದಿಯ ಚಪ್ಪಾಳೆ ಕೇಳಲಿ ಎಂದು ಒಂದು ಕಿವಿಯದನ್ನು ಕಿತ್ತು ಹೆಗಲಿಗೆ ಇಳಿಬಿಡುವ ಚಾಳಿ ಬಹಳ ಜನರಿಗಿದೆ. ಆಗ ತೆರೆದ ಕಿವಿಗೆ ವೇದಿಕೆಯ ಸದ್ದು ಪೂರ್ತಿ, ಉಳಿದ ಕಿವಿಗೆ ಅದನ್ನು ಮೀರಿಸಲು ಏರಿಸಿದ ವಾಲ್ಯೂಮು. ಎರಡಕ್ಕೂ ಪೆಟ್ಟು. ಅದರ ಬದಲು ಮಂದಿಯ ಕಡೆ ಒಂದು ಮೈಕ್ ತಿರುಗಿಸಿ ಆ ಸದ್ದನ್ನೂ ಸ್ವಲ್ಪ ಕಿವಿಗೆ ಬಿಟ್ಟರೆ ಸಾಕು. ನಮ್ಮ ಕಡೆ ಇದಕ್ಕೆ ಒಂದು ಮೈಕ್ ಹೆಚ್ಚು ಕೇಳಿದರೆ ಸೌಂಡಿನವರು ಮುಖ ನೋಡುತ್ತಾರೆ.

ನಿಜಕ್ಕೂ ಬಿಗಿಯಾಗಿ ಕೂರಬೇಕೆಂದರೆ ಅಚ್ಚೇ ಆಗಬೇಕು. ಅದಕ್ಕೆ ಬೆಳಗಾವಿಯಲ್ಲಾದರೂ ಹೋಗಬೇಕಾದದ್ದು ಸಂಗೀತದ ಅಂಗಡಿಗಲ್ಲ, ಶ್ರವಣಯಂತ್ರ ಕೊಡುವ ಆಡಿಯಾಲಜಿಸ್ಟ್ ಹತ್ತಿರ. ದಾರ ಕಟ್ಟಿದ ಹತ್ತಿಯ ಉಂಡೆಯೊಂದನ್ನು ಕಿವಿಯೊಳಗೆ ಇಟ್ಟು, ಅದರ ಮೇಲೆ ಸಿಲಿಕೋನ್ ತುಂಬಿ, ಗಟ್ಟಿಯಾಗುವ ತನಕ ಕೆಲವು ನಿಮಿಷ ಕೂರಿಸುತ್ತಾರೆ. ಹಾಡುವವರಾದರೆ ಬಾಯಿ ತೆರೆದೇ ಕೂರಬೇಕು, ಬಾಯಿ ಅಗಲಿಸಿದಾಗ ಕಿವಿಯ ಕೊಳವೆಯ ಆಕಾರ ಬದಲಾಗುತ್ತದೆ. ಅದಕ್ಕೂ ಮೊದಲು ದೀಪ ಹಿಡಿದು ಕಿವಿಯೊಳಗೆ ನೋಡುತ್ತಾರೆ. ಕುಗ್ಗೆ ತುಂಬಿದ್ದರೆ ಅವತ್ತು ಅಚ್ಚು ಇಲ್ಲ. ತೆಗೆಸಿಕೊಂಡು ಬರ್ರಿ ಎಂದು ವಾಪಸು ಕಳಿಸುತ್ತಾರೆ.