ರವಿವರ್ಮನ ಚಿತ್ರಕ್ಕೆ ಬೆಲೆ ಕಟ್ಟಿದವರು ಯಾರು?

2023ರಲ್ಲಿ ಮುಂಬೈಯ ಹರಾಜೊಂದರಲ್ಲಿ ರಾಜಾ ರವಿವರ್ಮನ ‘ಯಶೋದಾ ಕೃಷ್ಣ’ 38 ಕೋಟಿ ರೂಪಾಯಿಗೆ ಮಾರಾಟವಾಯಿತು. ನೂರು ವರ್ಷದ ಹಿಂದೆ ದೊಡ್ಡ ದೊಡ್ಡ ವಿಮರ್ಶಕರು ಇದೇ ರವಿವರ್ಮನನ್ನು ಕಲಾವಿದರ ಸಾಲಿನಿಂದಲೇ ಎಬ್ಬಿಸಲು ನೋಡಿದ್ದರು.

1848ರಲ್ಲಿ ಕೇರಳದ ಕಿಳಿಮಾನೂರಿನಲ್ಲಿ ಹುಟ್ಟಿದ ಈತನಿಗೆ ಮೊದಲು ಬೆಲೆ ಕಟ್ಟಿದ್ದು ಅರಮನೆಗಳು ಮತ್ತು ವಿದೇಶದ ಪದಕಗಳು. 1873ರಲ್ಲಿ ವಿಯೆನ್ನಾ, 1893ರಲ್ಲಿ ಷಿಕಾಗೊ. ಬರೋಡಾದ ಸಯಾಜಿರಾವ್ 14 ಪುರಾಣ ಚಿತ್ರಗಳನ್ನು ಬರೆಸಿಕೊಂಡರು. ಕೊನೆಯ ವರ್ಷಗಳಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗಾಗಿ ಬರೆದ ಚಿತ್ರಗಳಲ್ಲಿ ಕೆಲವು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿವೆ.

ಈ ನಡುವೆ, 1894ರಲ್ಲಿ, ರವಿವರ್ಮ ಮುಂಬೈಯಲ್ಲಿ ಕಲ್ಲಚ್ಚಿನ, ಅಂದರೆ ಕಲ್ಲಿನ ಮೇಲೆ ಬರೆದ ಚಿತ್ರವನ್ನು ಕಾಗದಕ್ಕೆ ಒತ್ತುವ, ಪ್ರೆಸ್ ಶುರು ಮಾಡಿದ. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಜರ್ಮನಿಯಿಂದ ಯಂತ್ರ ಬಂತು, ಕೆಲಸಗಾರರೂ ಬಂದರು. ಲಕ್ಷ್ಮಿ, ಸರಸ್ವತಿ ಅಗ್ಗದ ದರಕ್ಕೆ ಮನೆಮನೆಯ ಗೋಡೆ ಹತ್ತಿದರು. ದೇವಸ್ಥಾನದೊಳಗೆ ಪ್ರವೇಶವಿಲ್ಲದ ಜಾತಿಯವರಿಗೂ ದೇವರ ಮುಖ ಸಿಕ್ಕಿತು. ಕೊಂಡವರು ಚಿತ್ರದ ದೇವಿಗೆ ಜರಿ ಸೀರೆ ಉಡಿಸಿ, ಮಣಿ ಅಂಟಿಸಿ, ಕಟ್ಟು ಹಾಕಿಸಿ ಪೂಜೆಗಿಟ್ಟರು. ಆದರೆ ಪ್ರೆಸ್ ಸಾಲದಲ್ಲಿ ಮುಳುಗಿ, ಅಲ್ಲಿನ ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಷರ್ ಕೈಸೇರಿತು.

ಎಲ್ಲರ ಮನೆಯಲ್ಲೂ ಇರುವುದು ದೊಡ್ಡ ಕಲೆ ಹೇಗಾದೀತು, ಅಲ್ವಾ? ವಿಮರ್ಶಕರು ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಸಿಟ್ಟಿನಲ್ಲಿ ಇದೂ ಒಂದು ಪಾಲು ಎಂದೇ ನನ್ನ ಅನುಮಾನ. ಅವರು ಮುಂದಿಟ್ಟ ಕಾರಣ ಬೇರೆ. ಕಲ್ಕತ್ತೆಯ ಕಲಾಶಾಲೆ ನಡೆಸುತ್ತಿದ್ದ ಇ.ಬಿ. ಹ್ಯಾವೆಲ್, ಕಲಾ ಇತಿಹಾಸಕಾರ ಆನಂದ ಕುಮಾರಸ್ವಾಮಿ ಇವರಿಗೆಲ್ಲ ರವಿವರ್ಮನದು ಯುರೋಪಿನ ನಕಲು, ನಾಟಕದ ಸೀನು. ಅವನ ಚಿತ್ರವೊಂದರಲ್ಲಿ ಶಕುಂತಲೆ ನೆಲದ ಮೇಲೆ ಮಲಗಿಕೊಂಡು ಪತ್ರ ಬರೆಯುವುದು ಸೋದರಿ ನಿವೇದಿತಾಗೆ ಸಭ್ಯವಾಗಿ ಕಾಣಲಿಲ್ಲ. ಸ್ವದೇಶಿ ಚಳವಳಿಯ ಕಾಲ ಅದು. ಕೈಚಳಕಕ್ಕಿಂತ ‘ಭಾರತೀಯತೆ’ಗೆ ಜಾಸ್ತಿ ಅಂಕ. ರವಿವರ್ಮನಿಂದ ಚಿತ್ರ ಬರೆಸಿದ ನಾಲ್ವಡಿಯವರೇ 1909ರಲ್ಲಿ ಮೈಸೂರಿನ ಕಲಾವಿದ ಕೆ. ವೆಂಕಟಪ್ಪನವರನ್ನು ಕಲಿಯಲು ಕಳಿಸಿದ್ದು ಕಲ್ಕತ್ತೆಗೆ. ಅಂದರೆ, ರವಿವರ್ಮನನ್ನು ಒಪ್ಪದ, ಬಂಗಾಳ ಪಂಥದ ಚಿತ್ರಕಾರ ಅಬನೀಂದ್ರನಾಥ ಠಾಕೂರರ ಬಳಿಗೆ! ಅರಮನೆಗೆ ಇದರಲ್ಲಿ ಯಾವ ತೊಡಕೂ ಕಾಣಲಿಲ್ಲ.

ಆಮೇಲೆ ಬಹಳ ಕಾಲ ‘ಕ್ಯಾಲೆಂಡರ್ ಚಿತ್ರ’ ಅನ್ನುವುದು ಬೈಗುಳವಾಗಿಯೇ ಉಳಿಯಿತು.

ತಿರುವು ಬಂದದ್ದು ಕಾನೂನಿನಿಂದ. 1972ರ ಪ್ರಾಚ್ಯವಸ್ತು ಮತ್ತು ಕಲಾ ಸಂಪತ್ತು ಕಾಯ್ದೆಯಂತೆ, ಕಲಾ ಮೌಲ್ಯ ನೋಡಿ ಕೇಂದ್ರ ಸರ್ಕಾರ ಒಂದು ಕೃತಿಯನ್ನು ‘ಕಲಾ ಸಂಪತ್ತು’ ಎಂದು ಸಾರಬಹುದು. ಕಲಾವಿದ ಬದುಕಿರುವಾಗ ಮಾತ್ರ ಸಾರುವಂತಿಲ್ಲ. 1979ರಲ್ಲಿ ರವಿವರ್ಮನ ಕೃತಿಗಳು ಆ ಪಟ್ಟಿಗೆ ಸೇರಿದವು. ಅವನನ್ನು ತಳ್ಳಿಹಾಕಿದ ಬಂಗಾಳ ಪಂಥದ ಅಬನೀಂದ್ರನಾಥ, ನಂದಲಾಲ್ ಬೋಸ್ ಕೂಡ ಅದೇ ಪಟ್ಟಿಯಲ್ಲಿದ್ದಾರೆ. 1993ರಲ್ಲಿ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದ ದೊಡ್ಡ ಪ್ರದರ್ಶನ ಅವನನ್ನು ಮತ್ತೆ ಚರ್ಚೆಗೆ ತಂದಿತು.

ಪಟ್ಟಿ ಸೇರಿದ ಕೃತಿಯನ್ನು ಮಾರಬಹುದು, ಆದರೆ ದೇಶದ ಹೊರಗೆ ಒಯ್ಯುವಂತಿಲ್ಲ. ಮನೆಗೆ ಒಯ್ಯಬೇಕೆನ್ನುವ ವಿದೇಶಿ ಗಿರಾಕಿ ಇಲ್ಲದಿದ್ದರೆ ಬೆಲೆ ಬೀಳಬೇಕಿತ್ತು. 38 ಕೋಟಿ ನೋಡಿದರೆ ಹಾಗೇನೂ ಆಗಲಿಲ್ಲ. ಇತ್ತ ಪ್ರೆಸ್ಸಿನ ಹಳೆಯ ಅಚ್ಚುಗಳನ್ನೂ ಈಗ ಸಂಗ್ರಾಹಕರು ಹುಡುಕುತ್ತಿದ್ದಾರೆ. ಚಿತ್ರದ ಅಡಿಯಲ್ಲಿ ಪ್ರೆಸ್ಸಿನ ಹೆಸರಿದೆಯೇ ಎಂದು ಮೊದಲು ನೋಡುತ್ತಾರೆ.