ಗೆಡ್ಡೆಯೊಳಗೆ ಡಂಗುರ ಸಾರುವ ವೈರಸ್

ಚರ್ಮದ ಕ್ಯಾನ್ಸರ್‌ಗಳ ಪೈಕಿ ಅತ್ಯಂತ ಅಪಾಯಕಾರಿಗಳಲ್ಲೊಂದಾದ ಮೆಲನೋಮಾ ಹರಡತೊಡಗಿದಾಗ ರೋಗಿಯ ಮೈಯಲ್ಲಿ ಹಲವೆಡೆ ಗೆಡ್ಡೆಗಳು ಏಳುತ್ತವೆ. ಅಂಥ 436 ರೋಗಿಗಳನ್ನು ಒಳಗೊಂಡ ಒಂದು ದೊಡ್ಡ ಪ್ರಯೋಗದಲ್ಲಿ, ಚಿಕಿತ್ಸೆ ಪಡೆದವರ ಕೆಲವು ಗೆಡ್ಡೆಗಳಿಗೆ ಮಾತ್ರ ಮಾರ್ಪಡಿಸಿದ ಹರ್ಪಿಸ್ ವೈರಸ್ಸನ್ನು ಸೂಜಿಯ ಮೂಲಕ ನೇರವಾಗಿ ಚುಚ್ಚಲಾಯಿತು. ಚುಚ್ಚಿದ ಗೆಡ್ಡೆಗಳಲ್ಲಿ ಸುಮಾರು ಶೇ. 64ರಷ್ಟು ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಕುಗ್ಗಿದವು. ಇದರಲ್ಲಿ ಅಚ್ಚರಿಯೇನಿಲ್ಲ, ವೈರಸ್ ಕೋಶಗಳನ್ನು ಕೊಲ್ಲುತ್ತದೆ, ಗೆಡ್ಡೆ ಕುಗ್ಗುತ್ತದೆ. ಆದರೆ ಸೂಜಿಯೇ ಸೋಕದ ಗೆಡ್ಡೆಗಳೂ ಕುಗ್ಗಿದ್ದವು: ಚರ್ಮ, ದುಗ್ಧಗ್ರಂಥಿ ಮುಂತಾದೆಡೆ ಇದ್ದವುಗಳಲ್ಲಿ ಸುಮಾರು ಶೇ. 34ರಷ್ಟು, ಒಳ ಅಂಗಗಳಲ್ಲಿದ್ದವುಗಳಲ್ಲಿ ಸುಮಾರು ಶೇ. 15ರಷ್ಟು. ಈ ಎರಡನೆಯ ಸಂಗತಿಯೇ ಇಂದು ಈ ಕ್ಷೇತ್ರದವರ ಚಿಂತನೆಯ ಕೇಂದ್ರದಲ್ಲಿದೆ.

ಇಂಥ ವೈರಸ್‌ಗಳಿಗೆ ಆಂಕೊಲಿಟಿಕ್ ವೈರಸ್, ಅಂದರೆ ಕ್ಯಾನ್ಸರ್ ಕೋಶವನ್ನು ಒಡೆಯುವ ವೈರಸ್ ಎಂದು ಹೆಸರು. ಮುಳ್ಳಿನಿಂದ ಮುಳ್ಳು ತೆಗೆಯುವ ಗಾದೆ ಇಲ್ಲಿ ತಟ್ಟನೆ ನೆನಪಾಗುತ್ತದೆ, ಮೊದಲ ತಲೆಮಾರಿನ ಸಂಶೋಧಕರೂ ಬಹುಮಟ್ಟಿಗೆ ಹಾಗೆಯೇ ಯೋಚಿಸಿದ್ದರು. ನನಗೆ ಈ ಹೆಸರೇ ಸ್ವಲ್ಪ ದಾರಿ ತಪ್ಪಿಸುವಂಥದ್ದು ಅನ್ನಿಸುತ್ತದೆ. ಒಡೆಯುವುದು ಕೆಲಸದ ಆರಂಭ ಮಾತ್ರ. ಒಡೆದಾಗ ಎದ್ದ ಗದ್ದಲಕ್ಕೆ ದೇಹದ ರೋಗನಿರೋಧಕ ವ್ಯವಸ್ಥೆ ಎಚ್ಚೆತ್ತು ಬರುವುದು ಹೆಚ್ಚು ಮಹತ್ವದ್ದು.

ಸೋಂಕು ತಗುಲಿದಾಗ ಕ್ಯಾನ್ಸರ್ ತಾತ್ಕಾಲಿಕವಾಗಿ ಹಿಮ್ಮೆಟ್ಟಿದ ಉದಾಹರಣೆಗಳು ಹಳೆಯವು. ರಕ್ತದ ಕ್ಯಾನ್ಸರ್ ಇದ್ದ ಮಹಿಳೆಯೊಬ್ಬರಿಗೆ ಇನ್‌ಫ್ಲುಯೆಂಜಾದಂತೆ ತೋರಿದ ಜ್ವರ ಬಂದಾಗ ಬಿಳಿ ರಕ್ತಕಣಗಳ ಸಂಖ್ಯೆ ಕೆಲಕಾಲ ಇಳಿದುದನ್ನು ಅಮೆರಿಕದ ವೈದ್ಯ ಜಾರ್ಜ್ ಡಾಕ್ 1904ರಲ್ಲಿ ವರದಿ ಮಾಡಿದ್ದರು. 1971ರಲ್ಲಿ ಉಗಾಂಡಾದಿಂದ ಬಂದ ವರದಿಯೊಂದು, ದಡಾರ ಬಂದ ಬಾಲಕನಲ್ಲಿ ಬರ್ಕಿಟ್ ಲಿಂಫೋಮಾ ಎಂಬ ದುಗ್ಧರಸ ವ್ಯವಸ್ಥೆಯ ಕ್ಯಾನ್ಸರಿನ ಗೆಡ್ಡೆ ಕರಗಿದುದನ್ನು ದಾಖಲಿಸಿತು. ಇವೆರಡರ ನಡುವೆ, 1950ರ ಆಸುಪಾಸಿನಲ್ಲಿ, ಕಾಮಾಲೆಯಿಂದ ವೆಸ್ಟ್ ನೈಲ್‌ವರೆಗೆ ಯಾವ ಮಾರ್ಪಾಡೂ ಮಾಡದ ಹಲವು ವೈರಸ್‌ಗಳನ್ನು ಕ್ಯಾನ್ಸರ್ ರೋಗಿಗಳಿಗೆ ಬೇಕೆಂದೇ ತಗುಲಿಸಿದ ಪ್ರಯೋಗಗಳು ನಡೆದವು. ಇಂದಿನ ಯಾವ ನೈತಿಕ ಸಮಿತಿಯೂ ಒಪ್ಪಲಾಗದ ಆ ಪ್ರಯೋಗಗಳಿಂದ ಕೆಲವರಲ್ಲಿ ಗೆಡ್ಡೆ ಕುಗ್ಗಿತು, ಕೆಲವರಲ್ಲಿ ಮಿದುಳಿನ ಉರಿಯೂತ ಕಾಣಿಸಿಕೊಂಡಿತು, ಫಲ ಮಾತ್ರ ಹೆಚ್ಚು ದಿನ ನಿಲ್ಲಲಿಲ್ಲ.

ಗೆಡ್ಡೆಯಲ್ಲಿ ವೈರಸ್ ಅಷ್ಟು ಸುಲಭವಾಗಿ ಬೆಳೆಯುವುದೇಕೆ? ಆರೋಗ್ಯವಂತ ಕೋಶಕ್ಕೆ ವೈರಸ್ ನುಗ್ಗಿದರೆ ಅದು ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಸ್ರವಿಸಿ ನೆರೆಯ ಕೋಶಗಳನ್ನು ಎಚ್ಚರಿಸುತ್ತದೆ, ತನ್ನೊಳಗಿನ ಪ್ರೋಟೀನ್ ತಯಾರಿಕೆಯನ್ನೂ ನಿಲ್ಲಿಸಿಬಿಡುತ್ತದೆ. ಕಾರ್ಖಾನೆಯೇ ಮುಚ್ಚಿದ ಮೇಲೆ ವೈರಸ್ಸಿಗೆ ಅಲ್ಲಿ ಕೆಲಸವಿಲ್ಲ. ಎಗ್ಗಿಲ್ಲದೆ ವಿಭಜನೆಯಾಗುವುದೇ ಕಸುಬಾದ ಕ್ಯಾನ್ಸರ್ ಕೋಶಕ್ಕೆ ಬೆಳವಣಿಗೆಗೆ ತಡೆಯೊಡ್ಡುವ ಈ ವ್ಯವಸ್ಥೆಯೇ ಅಡ್ಡಿ. ಹಾಗಾಗಿ ಅನೇಕ ಗೆಡ್ಡೆಗಳು ಬೆಳೆಯುವ ಹಾದಿಯಲ್ಲಿ ಇಂಟರ್‌ಫೆರಾನ್ ವ್ಯವಸ್ಥೆಯನ್ನು ಭಾಗಶಃ ಕಳೆದುಕೊಂಡಿರುತ್ತವೆ. ಹೀಗೆ ಬೆಳೆಯುವ ಸ್ವಾತಂತ್ರ್ಯಕ್ಕಾಗಿ ತಮ್ಮ ಕಾವಲನ್ನೇ ಬಿಟ್ಟುಕೊಟ್ಟ ಕೋಶಗಳು ವೈರಸ್ಸಿಗೆ ತೆರೆದ ಬಾಗಿಲಾಗುತ್ತವೆ.

ಈ ದೌರ್ಬಲ್ಯಕ್ಕೆ ಹೊಂದುವಂತೆ ವೈರಸ್ಸನ್ನೇ ತಿದ್ದಬಹುದೆಂಬುದು 1991ರಲ್ಲಿ ಸ್ಪಷ್ಟವಾಯಿತು. ರಾಬರ್ಟ್ ಮಾರ್ಟುಜಾ ಮತ್ತು ಸಂಗಡಿಗರು ಒಂದು ವಂಶವಾಹಿಯನ್ನು ತೆಗೆದ ಹರ್ಪಿಸ್ ವೈರಸ್ಸನ್ನು ಮಾನವ ಮಿದುಳಿನ ಗೆಡ್ಡೆಗಳನ್ನು ಹೊತ್ತ ಇಲಿಗಳಿಗೆ ಕೊಟ್ಟು, ಅವು ಹೆಚ್ಚು ಕಾಲ ಬದುಕುವುದನ್ನು ತೋರಿಸಿದರು. ಮುಂದೆ ಚೀನಾ 2005ರಲ್ಲಿ, ತಲೆ ಮತ್ತು ಕತ್ತಿನ ಕ್ಯಾನ್ಸರ್‌ಗಾಗಿ ಎಚ್101 ಎಂಬ ಅಡಿನೋವೈರಸ್ಸಿಗೆ ಒಪ್ಪಿಗೆ ಕೊಟ್ಟಿತು. ಅಮೆರಿಕದ ಒಪ್ಪಿಗೆ ಬಂದದ್ದು 2015ರ ಅಕ್ಟೋಬರ್‌ನಲ್ಲಿ, ಈ ಲೇಖನದ ಆರಂಭದಲ್ಲಿ ಹೇಳಿದ, ಚಿಕ್ಕದಾಗಿ ಟಿ-ವೆಕ್ ಎಂದು ಕರೆಯಲಾಗುವ ಹರ್ಪಿಸ್ ವೈರಸ್ಸಿಗೆ.

ಟಿ-ವೆಕ್‌ನ ರಚನೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಅದರಲ್ಲಿನ ಒಂದೊಂದು ತಿದ್ದುಪಡಿಯ ಹಿಂದೆಯೂ ಒಂದೊಂದು ತರ್ಕವಿದೆ. ತುಟಿಯ ಮೇಲೆ ಗುಳ್ಳೆ ಎಬ್ಬಿಸುವ ಸಾಮಾನ್ಯ ಹರ್ಪಿಸ್ ವೈರಸ್ಸೇ ಇದರ ಮೂಲ. ಐಸಿಪಿ34.5 ಎಂಬ ಅದರ ವಂಶವಾಹಿ, ಕೋಶವು ಪ್ರೋಟೀನ್ ತಯಾರಿಕೆಯನ್ನು ನಿಲ್ಲಿಸದಂತೆ ತಡೆಯುತ್ತದೆ. ಅದನ್ನು ತೆಗೆದುಹಾಕಿದರೆ ಆರೋಗ್ಯವಂತ ಕೋಶದಲ್ಲಿ ವೈರಸ್ ಬೆಳೆಯಲಾರದು, ಕಾವಲು ಕಳೆದುಕೊಂಡ ಗೆಡ್ಡೆಯಲ್ಲಿ ಬೆಳೆಯಬಲ್ಲದು. ಐಸಿಪಿ47 ಎಂಬ ಇನ್ನೊಂದು ವಂಶವಾಹಿ, ಸೋಂಕಿತ ಕೋಶವು ತನ್ನೊಳಗಿನ ಪ್ರೋಟೀನ್ ತುಣುಕುಗಳನ್ನು ಮೇಲ್ಮೈಯಲ್ಲಿ ಪ್ರದರ್ಶಿಸದಂತೆ ಮಾಡಿ, ಸೋಂಕಿತ ಕೋಶಗಳನ್ನು ಗುರುತಿಸಿ ಕೊಲ್ಲುವ ಟಿ ಕೋಶಗಳ ಕಣ್ಣು ತಪ್ಪಿಸುತ್ತದೆ. ಅದನ್ನೂ ತೆಗೆಯಲಾಗಿದೆ, ಏಕೆಂದರೆ ಇಲ್ಲಿ ಕಣ್ಣಿಗೆ ಬೀಳುವುದೇ ಉದ್ದೇಶ. ಐಸಿಪಿ34.5 ಅನ್ನು ತೆಗೆದ ಜಾಗದಲ್ಲಿ ಜಿಎಂ-ಸಿಎಸ್‌ಎಫ್ ಎಂಬ ಮಾನವ ಪ್ರೋಟೀನಿನ ವಂಶವಾಹಿಯನ್ನು ಇರಿಸಿದ್ದಾರೆ. ಈ ಪ್ರೋಟೀನು, ರೋಗನಿರೋಧಕ ವ್ಯವಸ್ಥೆಗೆ ಸುದ್ದಿ ಮುಟ್ಟಿಸುವ ಡೆಂಡ್ರಿಟಿಕ್ ಕೋಶಗಳನ್ನು ಸೋಂಕಿನ ಸ್ಥಳಕ್ಕೆ ಕರೆತಂದು ಪಕ್ವಗೊಳಿಸುತ್ತದೆ. ಜೊತೆಗೆ, ಹರ್ಪಿಸ್ಸಿಗೆ ಕೊಡುವ ಅಸೈಕ್ಲೋವಿರ್ ಔಷಧಿಗೆ ವೈರಸ್ ಮಣಿಯುವಂತೆ ಮಾಡುವ ವಂಶವಾಹಿಯನ್ನು ಹಾಗೆಯೇ ಉಳಿಸಿದ್ದಾರೆ, ಕೈಮೀರಿದರೆ ಹಿಡಿದು ನಿಲ್ಲಿಸಲು ಒಂದು ಹಗ್ಗವಿರಲಿ ಎಂದು.

ಕ್ಯಾನ್ಸರ್ ಕೋಶ ದೇಹದ ಸ್ವಂತ ಕೋಶವೇ. ಅದರ ಮೇಲ್ಮೈಯಲ್ಲಿ ವಿಕಾರಗೊಂಡ ಪ್ರೋಟೀನುಗಳಿದ್ದರೂ, ಸುತ್ತ ಅಪಾಯದ ಸೂಚನೆ ಏನೂ ಇಲ್ಲದಿದ್ದರೆ ರೋಗನಿರೋಧಕ ವ್ಯವಸ್ಥೆ ಅವನ್ನು ಕಂಡೂ ಕಾಣದಂತೆ ಇರುತ್ತದೆ. ಟಿ ಕೋಶಗಳೇ ಸುಳಿಯದ ಇಂಥ ಗೆಡ್ಡೆಯನ್ನು ತಜ್ಞರು ‘ತಣ್ಣನೆಯ ಗೆಡ್ಡೆ’ ಎನ್ನುತ್ತಾರೆ. ವೈರಸ್ ಹೊಕ್ಕು ಕೋಶಗಳನ್ನು ಸಿಡಿಸಿದಾಗ ಈ ಮೌನ ಮುರಿಯುತ್ತದೆ. ಸಾಯುವ ಕೋಶದಿಂದ ಎಟಿಪಿ, ಎಚ್‌ಎಂಜಿಬಿ1 ಮುಂತಾದ ಅಣುಗಳು ಹೊರಚೆಲ್ಲುತ್ತವೆ, ಒಳಗಿರಬೇಕಾದ ಕ್ಯಾಲ್‌ರೆಟಿಕ್ಯುಲಿನ್ ಹೊರಮೈಗೆ ಬರುತ್ತದೆ, ವೈರಸ್ಸಿನ ವಂಶದ್ರವ್ಯವೇ ಅಪಾಯದ ಗಂಟೆಯಾಗುತ್ತದೆ. ಈ ಡಂಗುರ ಕೇಳಿ ಬಂದ ಡೆಂಡ್ರಿಟಿಕ್ ಕೋಶಗಳು ಅಲ್ಲಿ ಬಿದ್ದ ಚೂರುಗಳನ್ನೆಲ್ಲ ನುಂಗಿ, ದುಗ್ಧಗ್ರಂಥಿಗೆ ಹೊತ್ತೊಯ್ದು ಟಿ ಕೋಶಗಳಿಗೆ ತೋರಿಸುತ್ತವೆ. ಆ ಚೂರುಗಳಲ್ಲಿ ವೈರಸ್ಸಿನವೂ ಇರುತ್ತವೆ, ಗೆಡ್ಡೆಯವೂ ಇರುತ್ತವೆ. ಗೆಡ್ಡೆಯ ಗುರುತು ಕಲಿತ ಟಿ ಕೋಶಗಳು ರಕ್ತದೊಂದಿಗೆ ದೇಹವೆಲ್ಲ ಸುತ್ತಿ, ಸೂಜಿ ಮುಟ್ಟದ ಗೆಡ್ಡೆಯನ್ನೂ ತಲುಪಬಲ್ಲವು. ಆ ರೋಗಿಯ ಗೆಡ್ಡೆಯೇ ಆ ರೋಗಿಗೆ ಹೊಂದುವ ಲಸಿಕೆಯಾಗುತ್ತದೆ, ಯಾವ ಪ್ರೋಟೀನನ್ನು ಗುರಿಯಾಗಿಸಬೇಕೆಂದು ಯಾರೂ ಮೊದಲೇ ಊಹಿಸಬೇಕಿಲ್ಲ. ಕೋಳಿಗಳ ನ್ಯೂಕ್ಯಾಸಲ್ ರೋಗದ ವೈರಸ್ಸನ್ನು ಇಲಿಗಳ ಒಂದು ಗೆಡ್ಡೆಗೆ ಚುಚ್ಚಿದಾಗ, ವೈರಸ್ ಹರಡದ ದೂರದ ಗೆಡ್ಡೆಯಲ್ಲೂ ಟಿ ಕೋಶಗಳು ಬಂದು ಸೇರಿದ್ದನ್ನು 2014ರ ಅಧ್ಯಯನವೊಂದು ತೋರಿಸಿತು.

ಇಲ್ಲೊಂದು ಇಕ್ಕಟ್ಟೂ ಇದೆ. ಎಬ್ಬಿಸಿದ ಕಾವಲುಗಾರ ಮೊದಲು ಹಿಡಿಯುವುದು ಎಬ್ಬಿಸಿದವನನ್ನೇ. ಪ್ರತಿಕಾಯಗಳು ವೈರಸ್ಸನ್ನು ಗೆಡ್ಡೆಯ ಮೂಲೆಮೂಲೆಗೆ ಹರಡುವ ಮೊದಲೇ ತಡೆಯುತ್ತವೆ, ರಕ್ತದ ಮೂಲಕ ಕೊಟ್ಟರಂತೂ ಬಹುಪಾಲು ದಾರಿಯಲ್ಲೇ ನಾಶವಾಗುತ್ತದೆ. ಗೆಡ್ಡೆಗೇ ನೇರವಾಗಿ ಚುಚ್ಚುವುದಕ್ಕೆ ಇದೊಂದು ಕಾರಣ. ಆದರೂ ಟಿ-ವೆಕ್‌ನ ಮೊದಲ ಪ್ರಮಾಣವನ್ನು ಮಿಲಿಲೀಟರಿಗೆ 10 ಲಕ್ಷ ವೈರಸ್‌ಗಳಷ್ಟು ದುರ್ಬಲವಾಗಿ ಕೊಟ್ಟು, ಮೂರು ವಾರಗಳ ನಂತರವೇ 10 ಕೋಟಿಗೆ ಏರಿಸುತ್ತಾರೆ. ಹರ್ಪಿಸ್ ಸೋಂಕೇ ತಗುಲಿರದ ರೋಗಿಗಳಲ್ಲೂ ಅಷ್ಟರಲ್ಲಿ ಪ್ರತಿಕಾಯಗಳು ಹುಟ್ಟಿ, ದೊಡ್ಡ ಪ್ರಮಾಣ ಸುರಕ್ಷಿತವಾಗಲೆಂಬುದು ಇದರ ಉದ್ದೇಶ. ಚಿಕಿತ್ಸೆಗೆ ತೊಡಕಾಗುವ ಪ್ರತಿಕಾಯವೇ ರೋಗಿಯ ಕವಚವೂ ಆಗಿರುವುದು ವಿಚಿತ್ರ, ಆದರೆ ನಿಜ.

ಫಲಿತಾಂಶಗಳನ್ನು ಉತ್ಪ್ರೇಕ್ಷೆಯಿಲ್ಲದೆ ನೋಡಬೇಕು. 436 ಜನರ ಆ ಪ್ರಯೋಗದಲ್ಲಿ ಕನಿಷ್ಠ ಆರು ತಿಂಗಳ ಕಾಲ ಉಳಿದ ಸುಧಾರಣೆ ಕಂಡದ್ದು ವೈರಸ್ ಪಡೆದವರಲ್ಲಿ ಶೇ. 16.3ರಷ್ಟು ಮಂದಿಗೆ, ಜಿಎಂ-ಸಿಎಸ್‌ಎಫ್ ಮಾತ್ರ ಪಡೆದವರಲ್ಲಿ ಶೇ. 2.1ರಷ್ಟು ಮಂದಿಗೆ. ವ್ಯತ್ಯಾಸ ದೊಡ್ಡದು, ಆದರೆ ಆರರಲ್ಲಿ ಐವರಿಗೆ ಬಾಳುವ ಪ್ರಯೋಜನ ಸಿಗಲಿಲ್ಲ. ಬಂದ ಟಿ ಕೋಶಗಳ ಕೈಕಟ್ಟಲು ಗೆಡ್ಡೆಯು ಪಿಡಿ-ಎಲ್1 ಎಂಬ ಪ್ರೋಟೀನನ್ನು ಒಡ್ಡುವುದು ಇದಕ್ಕೆ ಒಂದು ಕಾರಣ. ಇಂಥ ಕಟ್ಟುಗಳನ್ನು ಬಿಡಿಸುವ ಚೆಕ್‌ಪಾಯಿಂಟ್ ಔಷಧಿಗಳಿಗೆ ದಾರಿ ಮಾಡಿಕೊಟ್ಟ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ 2018ರ ನೊಬೆಲ್ ಪಡೆದರು. ವೈರಸ್ ಟಿ ಕೋಶಗಳನ್ನು ಕರೆತರಲಿ, ಔಷಧಿ ಅವುಗಳ ಕಟ್ಟು ಬಿಚ್ಚಲಿ ಎಂಬ ಜೋಡಿ ಯೋಚನೆ ಕಾಗದದ ಮೇಲೆ ಇದಕ್ಕಿಂತ ಚೆನ್ನಾಗಿರಲಾರದು. ಅಂಥ ಔಷಧಿಗಳಲ್ಲೊಂದಾದ ಇಪಿಲಿಮುಮಾಬ್ ಒಂದನ್ನೇ ಕೊಟ್ಟಾಗ ಶೇ. 18ರಷ್ಟು ರೋಗಿಗಳಲ್ಲಿ ಕಂಡ ಪ್ರತಿಕ್ರಿಯೆ, ಟಿ-ವೆಕ್ ಸೇರಿಸಿದಾಗ ಶೇ. 39ಕ್ಕೆ ಏರಿತು. ಪೆಂಬ್ರೋಲಿಜುಮಾಬ್‌ನೊಂದಿಗೆ (ಇದೂ ಚೆಕ್‌ಪಾಯಿಂಟ್ ಔಷಧಿಯೇ) 21 ಜನರಲ್ಲಿ ನಡೆದ ಆರಂಭಿಕ ಪರೀಕ್ಷೆಯಲ್ಲಿ ಶೇ. 62ರಷ್ಟು ಮಂದಿಗೆ ಸ್ಪಂದನ ಸಿಕ್ಕಿತು. ಆದರೆ 692 ಜನರ ಮೂರನೇ ಹಂತದ ಪ್ರಯೋಗದಲ್ಲಿ, ಪೆಂಬ್ರೋಲಿಜುಮಾಬ್ ಒಂದನ್ನೇ ಪಡೆದವರಿಗಿಂತ ಜೋಡಿ ಚಿಕಿತ್ಸೆ ಪಡೆದವರು ಗಣನೀಯವಾಗಿ ಹೆಚ್ಚು ಕಾಲ ಬದುಕಲಿಲ್ಲ. ಸಣ್ಣ ಪ್ರಯೋಗಗಳ ಹುರುಪಿನ ಅಂಕಿಗಳನ್ನು ಓದುವಾಗಲೆಲ್ಲ ನನಗೆ ಈ 692 ನೆನಪಾಗುತ್ತದೆ.

ಗ್ಲಯೋಮಾ ಎಂಬ ಮಿದುಳಿನ ಗೆಡ್ಡೆಯ ವಿಷಯದಲ್ಲಿ ಜಪಾನ್ 2021ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ತೊಮೊಕಿ ತೊದೊ ಅವರ ತಂಡ ರೂಪಿಸಿದ ಹರ್ಪಿಸ್ ವೈರಸ್ಸಿಗೆ ಷರತ್ತುಬದ್ಧ ಒಪ್ಪಿಗೆ ನೀಡಿತು. 19 ರೋಗಿಗಳಲ್ಲಿ ಶೇ. 84.2ರಷ್ಟು ಮಂದಿ ಚಿಕಿತ್ಸೆ ಆರಂಭವಾದ ಒಂದು ವರ್ಷದ ನಂತರವೂ ಬದುಕಿದ್ದರು, ಹೋಲಿಸಲು ಬೇರೊಂದು ಗುಂಪು ಮಾತ್ರ ಅಲ್ಲಿರಲಿಲ್ಲ. ಅಲ್ಲಿನ ಒಂದು ವಿವರ ಕುತೂಹಲಕರ: ಚುಚ್ಚಿದ ಮೇಲೆ ಎಂಆರ್‌ಐ ಚಿತ್ರಗಳಲ್ಲಿ ಗೆಡ್ಡೆ ಮೊದಲು ಹಿಗ್ಗಿದಂತೆ ಕಂಡಿತು, ಅಂಗಾಂಶ ತೆಗೆದು ನೋಡಿದರೆ ಒಳಗೆ ಟಿ ಕೋಶಗಳು ನೆರೆದಿದ್ದವು.

ಹಾಗಾದರೆ ವೈರಸ್ಸನ್ನು ಯಾವಾಗ ಕೊಡಬೇಕು ಎಂಬ ಪ್ರಶ್ನೆ ಈಗ ಮುನ್ನೆಲೆಗೆ ಬಂದಿದೆ. ಗೆಡ್ಡೆಯನ್ನು ಕತ್ತರಿಸಿ ಎಸೆದ ಮೇಲೆ ಟಿ ಕೋಶಗಳಿಗೆ ಕಲಿಯಲು ಪಠ್ಯವೇ ಉಳಿಯುವುದಿಲ್ಲ. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮೊದಲೇ ಕೊಟ್ಟು ನೋಡಿದರು. ಕತ್ತರಿಸಿ ತೆಗೆಯಬಹುದಾದ ಮೆಲನೋಮಾ ಇದ್ದ 150 ರೋಗಿಗಳಲ್ಲಿ ಒಂದು ಗುಂಪಿಗೆ ಆರು ಸಲ ಟಿ-ವೆಕ್ ಕೊಟ್ಟು ಆಮೇಲೆ ಶಸ್ತ್ರಚಿಕಿತ್ಸೆ ಮಾಡಲಾಯಿತು, ಇನ್ನೊಂದು ಗುಂಪಿಗೆ ನೇರವಾಗಿ ಶಸ್ತ್ರಚಿಕಿತ್ಸೆ. ಎರಡು ವರ್ಷಗಳ ನಂತರ ರೋಗ ಮರುಕಳಿಸದೆ ಇದ್ದವರು ಮೊದಲ ಗುಂಪಿನಲ್ಲಿ ಶೇ. 29.5, ಎರಡನೆಯದರಲ್ಲಿ ಶೇ. 16.5. ವೈರಸ್ ಪಡೆದವರ ಗೆಡ್ಡೆಗಳಲ್ಲಿ ಕೊಲ್ಲುವ ಟಿ ಕೋಶಗಳ ಸಾಂದ್ರತೆ ಏರಿತ್ತು. ಅಷ್ಟರ ಬಳಿಕ ಆ ಗೆಡ್ಡೆಗಳನ್ನು ತೆಗೆದರೂ, ಕಲಿತ ಟಿ ಕೋಶಗಳು ರಕ್ತದಲ್ಲಿ ಉಳಿಯಬಲ್ಲವು.